ಯಾವ ಜಾತಿಯ ಹಕ್ಕಿ?



*ದಿನದ ಧಮ್ಮ ಚಿಂತನೆ*



ಮೊನ್ನೆ ಭಾನುವಾರ ನಮ್ಮ ಅಧ್ಯಯನ ಬಳಗದ ಏಳು ಜನ ಬೆಂಗಳೂರಿನಲ್ಲಿ ಹಕ್ಕಿ ನೋಡಲು ಹೊರಟೆವು. ಜೊತೆಗೆ ಬಳಗದ ಒಬ್ಬರ ಎಂಟು ವರ್ಷದ ಮಗಳೂ ಇದ್ದಳು. ಬೆಳಿಗ್ಗೆ ಲಾಲ್‌ಬಾಗ್, ಅಲ್ಲಿಂದ ನಡೆದುಕೊಂಡೇ ಕಬ್ಬನ್ ಪಾರ್ಕ್. ಯಾವಾಗಲೂ ಕೋಣೆಯೊಳಗೆ ಕೂತು ಓದುತ್ತೇವೆ, ಭಗವಾನರು ಮರದ ಕೆಳಗೆ ಹೇಳಿದ್ದನ್ನು ನಾವೂ ಒಂದು ದಿನ ಮರದ ಕೆಳಗೆ ಓದೋಣ ಎಂಬ ಆಸೆ. ಬಳಗದಲ್ಲಿ ಒಬ್ಬರು ಶಾಲಾ ಮೇಷ್ಟ್ರಿದ್ದಾರೆ, ಹಕ್ಕಿಗಳ ವಿಷಯ ಅವರಿಗೆ ಚೆನ್ನಾಗಿ ಗೊತ್ತು. ಇರುವುದೊಂದೇ ಬೈನಾಕ್ಯುಲರ್, ಅದು ಕೈಯಿಂದ ಕೈಗೆ ಓಡಾಡುತ್ತಿತ್ತು.

ಆ ದಿನ ನಮ್ಮ ಬಾಯಲ್ಲಿ ಹೆಚ್ಚು ಬಂದ ಪ್ರಶ್ನೆ ಒಂದೇ: "ಮೇಷ್ಟ್ರೇ, ಇದು ಯಾವ ಜಾತಿ?"

ಮೂವತ್ತು ಸಲವಾದರೂ ಕೇಳಿರಬೇಕು. ಯಾರಿಗೂ ನೋವಾಗಲಿಲ್ಲ. ಆಮೇಲೆ ಅದೇ ಪ್ರಶ್ನೆ ಇನ್ನೊಂದು ಸಲ ಬಂತು. ಆ ಸಲ ಅದು ಹಕ್ಕಿಯ ಬಗ್ಗೆ ಆಗಿರಲಿಲ್ಲ. ಕೇಳಿದವನು ನಾನೇ. ಇಂದಿನ ಚಿಂತನೆ ಅದರ ಬಗ್ಗೆ.

🌿 *ಲಾಲ್‌ಬಾಗ್‌ನಲ್ಲಿ*

ಲಾಲ್‌ಬಾಗ್ 1760ರಲ್ಲಿ ಹೈದರ್ ಅಲಿ ಆರಂಭಿಸಿದ ತೋಟ, ಇಂದು 240 ಎಕರೆ. ಅಲ್ಲಿರುವ ಬಂಡೆಗೆ ಸುಮಾರು 300 ಕೋಟಿ ವರ್ಷ ಎನ್ನುತ್ತಾರೆ. ಆ ಬಂಡೆಯ ಮೇಲೆ ನಿಂತಾಗ ಮೇಷ್ಟ್ರು ನಕ್ಕರು: "ಇದು ಹುಟ್ಟಿದಾಗ ಮನುಷ್ಯನೂ ಇರಲಿಲ್ಲ, ಮನುವೂ ಇರಲಿಲ್ಲ."

ಮಾರ್ಚ್ ತಿಂಗಳು. ಹೊಂಗೆ ಮರಗಳು ಹಳೆಯ ಎಲೆ ಉದುರಿಸಿ ಎಳೆ ಹಸಿರು ಹೊದ್ದಿದ್ದವು. ಒಳಗೆ ಕಾಲಿಡುತ್ತಲೇ 'ಕುಟ್ರು, ಕುಟ್ರು' ಎಂಬ ದನಿ. ಮೇಷ್ಟ್ರು ತೋರಿಸುವವರೆಗೆ ನಮಗೆ ಹಕ್ಕಿ ಕಾಣಲೇ ಇಲ್ಲ. ಮೈಯೆಲ್ಲ ಎಲೆಯ ಹಸಿರು, ತಲೆ ಕಂದು, ಕೆನ್ನೆಯ ಮೇಲೆ ಬಿಳಿ ಪಟ್ಟೆ. ಇನ್ನೊಂದು ಮರದಿಂದ ತಾಮ್ರದ ಪಾತ್ರೆ ಬಡಿದಂತೆ ಒಂದೇ ಸಮನೆ 'ಟಕ್ ಟಕ್ ಟಕ್'. ಅದು ಇದರದೇ ಬಳಗದ ಚಿಕ್ಕ ಹಕ್ಕಿ, ಹಣೆ ಕೆಂಪು, ಎದೆಯ ಮೇಲೂ ಕೆಂಪು. ಮರದ ಪೊಟರೆಯಲ್ಲಿ ಎರಡು ಹಾಲಕ್ಕಿಗಳು ಕಣ್ಣರಳಿಸಿ ನಮ್ಮನ್ನೇ ನೋಡುತ್ತಿದ್ದವು. ಹಾಲಕ್ಕಿ ಶಕುನ ನುಡಿಯುತ್ತದೆ ಎಂದು ಹೆದರಿಸಿಕೊಂಡು ಬೆಳೆದವರು ನಾವು. ಹಗಲು ಹೊತ್ತಿನಲ್ಲಿ ಹತ್ತಿರದಿಂದ ನೋಡಿದರೆ ಅಂಗೈಯಗಲದ ಪುಟ್ಟ ಗೂಬೆ, ನಿದ್ದೆಗಣ್ಣು, ಅಷ್ಟೇ.

ಮೇಷ್ಟ್ರು ಗುರುತು ಹಿಡಿಯುವ ಕ್ರಮ ಹೇಳಿಕೊಟ್ಟರು. ಮೊದಲು ಕೊಕ್ಕು ನೋಡಿ. ಆಮೇಲೆ ರೆಕ್ಕೆ, ಬಾಲ, ಕಾಲು. ಕೂತಿರುವ ಜಾಗ ನೋಡಿ. ಕೊನೆಗೆ ದನಿ ಕೇಳಿ. ನಾಲ್ಕೈದು ಗುರುತು ಸೇರಿದರೆ ಜಾತಿ ತಿಳಿಯುತ್ತದೆ.

ಕೆರೆಯ ಹತ್ತಿರ ಬಂದೆವು. ಹೆಜ್ಜಾರ್ಲೆಗಳು ದೋಣಿಯ ಹಾಗೆ ತೇಲುತ್ತಿದ್ದವು. ನೀರುಕಾಗೆಗಳು ರೆಕ್ಕೆ ಬಿಚ್ಚಿ ಒಣಗಿಸುತ್ತಿದ್ದವು. ಕಪ್ಪು ಮೈಯ, ಹಣೆಯ ಮೇಲೆ ಅಚ್ಚ ಬಿಳಿ ಗುರುತಿರುವ ಒಂದು ಹಕ್ಕಿ ಈಜುತ್ತಿತ್ತು. ಕನ್ನಡದಲ್ಲಿ ಅದರ ಹೆಸರು ನಾಮದ ಕೋಳಿ. ಮಗು ಕೇಳಿತು: "ಅದಕ್ಕೆ ನಾಮ ಹಾಕಿದ್ದು ಯಾರು?" ಮೇಷ್ಟ್ರು ಹೇಳಿದರು: "ಯಾರೂ ಹಾಕಿಲ್ಲ ಪುಟ್ಟಿ. ಬೆಳೆಯುತ್ತಾ ತಾನೇ ಬರುತ್ತದೆ. ತೊಳೆದರೂ ಹೋಗಲ್ಲ. ಮನುಷ್ಯರು ಹಾಕಿಕೊಳ್ಳುವುದು ಸ್ನಾನ ಮಾಡಿದರೆ ಹೋಗುತ್ತದೆ."

🦅 *ಎರಡು ಹದ್ದುಗಳ ಕತೆ*

ಕೆರೆಯ ಮೇಲೆ ಎರಡು ಬಗೆಯ ಹದ್ದುಗಳು ಸುತ್ತುತ್ತಿದ್ದವು. ಒಂದಕ್ಕೆ ತಲೆ, ಎದೆ ಬಿಳಿ, ಉಳಿದ ಮೈ ಕೆಂಗಂದು. ಅದನ್ನು ನಮ್ಮ ಜನ ಗರುಡ ಎನ್ನುತ್ತಾರೆ, ಕಂಡರೆ ಕೆನ್ನೆ ಬಡಿದುಕೊಳ್ಳುತ್ತಾರೆ. ಇನ್ನೊಂದು ಮೈತುಂಬ ಕಂದು, ಬಾಲ ಕವಲು. ಅದು ಬರೀ ಹದ್ದು. ನಗರದಲ್ಲಿ ಎಲ್ಲಿ ನೋಡಿದರೂ ಕಾಣುವುದು ಅದೇ.

ಮೇಷ್ಟ್ರು ಹೇಳಿದ ಒಂದು ಸಂಗತಿ ನಮ್ಮನ್ನು ನಿಲ್ಲಿಸಿತು. ಇಂಗ್ಲಿಷ್ ಪುಸ್ತಕಗಳಲ್ಲಿ ಬಿಳಿತಲೆಯ ಹದ್ದಿಗೆ 'ಬ್ರಾಹ್ಮಿನಿ ಕೈಟ್' ಎಂದು ಹೆಸರು. ಕಂದು ಹದ್ದಿಗೆ ಹಳೆಯ ಪುಸ್ತಕಗಳಲ್ಲಿದ್ದ ಹೆಸರು 'ಪರಿಯಾ ಕೈಟ್'. ತಮಿಳುನಾಡಿನ ನಮ್ಮ ಪರೈಯರ್ ಬಂಧುಗಳ ಹೆಸರಿನಿಂದ ಹುಟ್ಟಿದ ಪದ ಅದು. ಸಲೀಂ ಅಲಿಯವರಂಥ ದೊಡ್ಡ ಪಕ್ಷಿತಜ್ಞರ ಪುಸ್ತಕದಲ್ಲೂ ಆ ಹೆಸರೇ ಇತ್ತು. ಈಗಿನ ಪುಸ್ತಕಗಳು 'ಬ್ಲ್ಯಾಕ್ ಕೈಟ್' ಎನ್ನುತ್ತವೆ. 'ಬ್ರಾಹ್ಮಿನಿ' ಮಾತ್ರ ಹಾಗೇ ಉಳಿದಿದೆ.

ಎರಡೂ ಹದ್ದು ಏನು ತಿನ್ನುತ್ತವೆ ಎಂದು ಕೇಳಿದೆವು. ಎರಡೂ ಬೇಟೆಯಾಡುತ್ತವೆ, ಎರಡೂ ಸತ್ತದ್ದನ್ನು ತಿನ್ನುತ್ತವೆ. ಗರುಡ ಸತ್ತ ಮೀನು ತಿಂದರೂ ದೇವರ ವಾಹನ. ಹದ್ದು ಅದನ್ನೇ ತಿಂದರೆ ಅಪಶಕುನ. ಸತ್ತ ದನ ಹೊರುವುದನ್ನು ನಮ್ಮ ಹಿರಿಯರ ತಲೆಗೆ ಕಟ್ಟಿ, ಆಮೇಲೆ ಅದನ್ನೇ ತೋರಿಸಿ ಹೀನರು ಎಂದ ಸಮಾಜ ಇದು. ಆಕಾಶದಲ್ಲಿ ಹಾರುವ ಹಕ್ಕಿಯನ್ನೂ ಅದು ಬಿಟ್ಟಿಲ್ಲ. ಹಕ್ಕಿಗಳಿಗೆ ಈ ವಿಷಯ ಗೊತ್ತಿಲ್ಲ. ಎರಡೂ ಒಂದೇ ಕೆರೆಗೆ ಇಳಿಯುತ್ತಿದ್ದವು.

ಇಳಿಯುವುದನ್ನು ನೋಡುತ್ತಾ ನಿಂತಾಗ ನಮ್ಮ ಒಬ್ಬ ಅಕ್ಕ ಮೆಲ್ಲಗೆ ಹೇಳಿದರು: "ಮಾರ್ಚ್ 20 ಹತ್ತಿರ ಬಂತು."

ಮಹಾಡಿನ ಚೌಡಾರ್ ಕೆರೆ. 1923ರಲ್ಲೇ ಮುಂಬೈ ಶಾಸನ ಪರಿಷತ್ತು ಸಾರ್ವಜನಿಕ ಕೆರೆ ಬಾವಿಗಳು ಎಲ್ಲರಿಗೂ ತೆರೆದಿರಬೇಕೆಂದು ನಿರ್ಣಯ ಮಾಡಿತ್ತು. ಮರುವರ್ಷ ಮಹಾಡಿನ ಪುರಸಭೆಯೂ ಒಪ್ಪಿತ್ತು. ಕಾಗದದಲ್ಲಿ ಕೆರೆ ತೆರೆದಿತ್ತು, ದಡದಲ್ಲಿ ಮುಚ್ಚಿತ್ತು. ದನ ಕುಡಿಯಬಹುದು, ನಾಯಿ ಕುಡಿಯಬಹುದು, ಹಕ್ಕಿ ಕುಡಿಯಬಹುದು, ನಮ್ಮವರು ಕುಡಿಯುವಂತಿರಲಿಲ್ಲ. 1927ರ ಮಾರ್ಚ್ 20ರಂದು ಬಾಬಾಸಾಹೇಬರು ಸಾವಿರಾರು ಜನರೊಂದಿಗೆ ನಡೆದುಹೋಗಿ ಆ ನೀರು ಕುಡಿದರು. ಆಮೇಲೆ ಸವರ್ಣೀಯರು ಕೆರೆಯನ್ನು 'ಶುದ್ಧಿ' ಮಾಡಿದರು. ನಮ್ಮ ಹಕ್ಕನ್ನು ಮುಂಬೈ ಹೈಕೋರ್ಟು ಎತ್ತಿಹಿಡಿದದ್ದು 1937ರಲ್ಲಿ. ಹಕ್ಕಿಗೆ ಹುಟ್ಟಿನಿಂದಲೇ ಇದ್ದ ನೀರಿನ ಹಕ್ಕಿಗೆ ನಾವು ಹತ್ತು ವರ್ಷ ನ್ಯಾಯಾಲಯದಲ್ಲಿ ನಿಲ್ಲಬೇಕಾಯಿತು.

🚶 *ದಾರಿಯಲ್ಲಿ ನಾನು ಕೇಳಿದ್ದು*

ಇಷ್ಟೆಲ್ಲ ಮಾತಾಡಿ, ಮನಸ್ಸು ಭಾರ ಮಾಡಿಕೊಂಡು, ಲಾಲ್‌ಬಾಗ್‌ನಿಂದ ಹೊರಬಂದೆವು. ಕಬ್ಬನ್ ಪಾರ್ಕಿಗೆ ಮೂರು ನಾಲ್ಕು ಕಿಲೋಮೀಟರ್. ರಸ್ತೆಯಲ್ಲಿ ಬಸ್ಸು, ಧೂಳು. ನೋಡಲು ಹಕ್ಕಿ ಇಲ್ಲ. ಗುರುತು ಹಿಡಿಯಲು ಕಲಿತ ಕಣ್ಣು ಸುಮ್ಮನಿರಬೇಕಲ್ಲ.

ನನ್ನ ಪಕ್ಕದಲ್ಲಿ ನಡೆಯುತ್ತಿದ್ದವನು ಒಬ್ಬ ಹುಡುಗ. ಕಳೆದ ಅಕ್ಟೋಬರಿನಲ್ಲಿ ದೀಕ್ಷೆ ತೆಗೆದುಕೊಂಡವನು, ನಮ್ಮ ಬಳಗಕ್ಕೆ ಬಂದು ಎರಡೇ ತಿಂಗಳು. ಮಾತು ಬೆಳೆಸೋಣ ಎಂದು ಕೇಳಿದೆ.

"ಯಾವ ಊರಪ್ಪಾ?"

"ತುಮಕೂರು ಕಡೆ ಅಣ್ಣಾ."

"ಅಲ್ಲಿ ಎಲ್ಲಿ?" ಹೇಳಿದ. "ಅಪ್ಪ ಏನು ಕೆಲಸ ಮಾಡ್ತಾರೆ?" ಹೇಳಿದ. "ಊರಲ್ಲಿ ನಿಮ್ಮ ಕೇರಿ ಯಾವ ದಿಕ್ಕಿಗೆ ಬರುತ್ತೆ?" ಸ್ವಲ್ಪ ತಡೆದು ಅದನ್ನೂ ಹೇಳಿದ. ಆಮೇಲೆ ನನ್ನ ಬಾಯಿಂದ ಬಂತು:

"ಹಂಗಾದ್ರೆ ನೀವು ಯಾವ ಪೈಕಿ? ಎಡವೋ, ಬಲವೋ?"

ಅವನು ನನ್ನ ಮುಖ ನೋಡಲಿಲ್ಲ. ಫುಟ್‌ಪಾತ್ ನೋಡುತ್ತಲೇ ಹೇಳಿದ: "ದೀಕ್ಷೆ ತಗೊಂಡೋರ ಮಧ್ಯೆ ಈ ಪ್ರಶ್ನೆ ಇರಲ್ಲ ಅಂದ್ಕೊಂಡಿದ್ದೆ ಅಣ್ಣಾ." ಮುಂದೆ ಹೋಗಿ ಮಗುವಿನ ಕೈ ಹಿಡಿದು ನಡೆದ. ಹಡ್ಸನ್ ವೃತ್ತ ದಾಟುವವರೆಗೂ ನನ್ನ ಹತ್ತಿರ ಬರಲಿಲ್ಲ.

ಬಂಧುಗಳೇ, ನನ್ನ ತಪ್ಪನ್ನು ಬಿಡಿಸಿ ನೋಡಿದೆ. ಊರು, ಕಸುಬು, ಕೇರಿ, ಮಾತಿನ ಧಾಟಿ. ಕೊಕ್ಕು, ರೆಕ್ಕೆ, ಬಾಲ, ದನಿ. ಮೇಷ್ಟ್ರು ಹಕ್ಕಿಗೆ ಹೇಳಿಕೊಟ್ಟ ಕ್ರಮವನ್ನೇ ನಾನು ಒಬ್ಬ ಮನುಷ್ಯನ ಮೇಲೆ ಪ್ರಯೋಗ ಮಾಡಿದ್ದೆ. ನಿಜ ಹೇಳಬೇಕೆಂದರೆ ಆ ಕ್ರಮವನ್ನು ನಾನು ಮೇಷ್ಟ್ರಿಂದ ಕಲಿತದ್ದಲ್ಲ. ಚಿಕ್ಕವನಿದ್ದಾಗಲೇ ಊರು ಕಲಿಸಿತ್ತು. ಊರಿನ ಜಮೀನುದಾರರು ನನ್ನಪ್ಪನನ್ನು ಅಳೆದದ್ದು ಹಾಗೆಯೇ.

🌳 *ಕಬ್ಬನ್ ಪಾರ್ಕಿನ ಬಿದಿರ ಮೆಳೆಯ ಬಳಿ*

ಕಬ್ಬನ್ ಪಾರ್ಕಿನಲ್ಲಿ ಬಿದಿರ ಮೆಳೆಯ ನೆರಳಲ್ಲಿ ಕೂತೆವು. ತ್ರಿಸರಣ ಪಂಚಶೀಲ ಹೇಳಿಕೊಂಡೆವು. ಅಂದಿನ ಓದು ನನ್ನ ಪಾಲಿಗಿತ್ತು. ಹಕ್ಕಿಗಳ ಮಾತು ಬರುತ್ತದೆ ಎಂದು ನಾನೇ ಆರಿಸಿಕೊಂಡಿದ್ದೆ: ವಾಸೆಟ್ಠ ಸುತ್ತ. ಸುತ್ತನಿಪಾತದಲ್ಲೂ ಇದೆ, ಮಜ್ಝಿಮ ನಿಕಾಯದಲ್ಲೂ ಇದೆ.

ಕತೆ ನಿಮಗೆ ಗೊತ್ತು. ಇಚ್ಛಾನಂಗಲ ಎಂಬಲ್ಲಿ ವಾಸೆಟ್ಠ, ಭಾರದ್ವಾಜ ಎಂಬ ಇಬ್ಬರು ಬ್ರಾಹ್ಮಣ ಯುವಕರು ವಾದಕ್ಕೆ ಬಿದ್ದರು. ತಾಯಿ ತಂದೆ ಎರಡೂ ಕಡೆ ಏಳು ತಲೆಮಾರು ಶುದ್ಧವಾಗಿದ್ದರೆ ಬ್ರಾಹ್ಮಣ ಎಂದ ಭಾರದ್ವಾಜ. ಇಲ್ಲ, ಶೀಲ ಮತ್ತು ನಡತೆಯಿಂದ ಎಂದ ವಾಸೆಟ್ಠ. ತೀರ್ಪಿಗೆ ಭಗವಾನರ ಬಳಿ ಬಂದರು.

ಭಗವಾನರು ನೇರವಾಗಿ ಉತ್ತರ ಕೊಡಲಿಲ್ಲ. ಕಣ್ಣು ತೆರೆದು ಸುತ್ತ ನೋಡಿ ಎನ್ನುವಂತೆ ಹುಲ್ಲಿನಿಂದ, ಮರದಿಂದ ಶುರುಮಾಡಿದರು. ಆಮೇಲೆ ಹುಳ, ಇರುವೆ. ನಾಲ್ಕು ಕಾಲಿನ ಪ್ರಾಣಿಗಳು. ಹಾವು. ಮೀನು. ಕೊನೆಗೆ ರೆಕ್ಕೆಯ ಮೇಲೆ ಹಾರುವ ಹಕ್ಕಿಗಳು. ಇವೆಲ್ಲಕ್ಕೂ ಹುಟ್ಟಿನಿಂದ ಬಂದ ಗುರುತುಗಳಿವೆ, ಇವುಗಳಲ್ಲಿ ಜಾತಿ ಬೇರೆ ಬೇರೆ ಎಂದರು. ಅಲ್ಲಿಂದ ಮನುಷ್ಯನಿಗೆ ಬಂದರು. ಕೂದಲು, ತಲೆ, ಕಿವಿ, ಕಣ್ಣು, ಮೂಗು, ತುಟಿ, ಕುತ್ತಿಗೆ, ಭುಜ, ಕೈ, ಕಾಲು, ಉಗುರು, ದನಿ, ಒಂದೊಂದನ್ನೂ ಹೆಸರಿಸಿ ಹುಡುಕಿದರು. ಅಂಥ ಗುರುತು ಎಲ್ಲೂ ಸಿಗಲಿಲ್ಲ. ಮನುಷ್ಯರಲ್ಲಿರುವ ಭೇದ ಕರೆಯುವ ಹೆಸರಿನದು ಮಾತ್ರ ಎಂದರು. ಹೊಲ ಉತ್ತು ಬದುಕುವವನು ರೈತ. ಕೈಕಸುಬಿನಿಂದ ಬದುಕುವವನು ಕುಶಲಕರ್ಮಿ. ಕದ್ದು ಬದುಕುವವನು ಕಳ್ಳ. ಪೌರೋಹಿತ್ಯದಿಂದ ಬದುಕುವವನು ಪುರೋಹಿತ. ಮಾಡುವುದು ಬದಲಾದರೆ ಹೆಸರೂ ಬದಲಾಗುತ್ತದೆ.

ಇಲ್ಲಿ ಒಂದು ಸೂಕ್ಷ್ಮ ಇದೆ. ಭಗವಾನರು ಜಾತಿ ಎಂಬುದೇ ಸುಳ್ಳು ಎನ್ನಲಿಲ್ಲ. ಹಕ್ಕಿಯಲ್ಲಿ ಅದು ನಿಜ, ಮನುಷ್ಯನಲ್ಲಿ ಅದು ಸುಳ್ಳು ಎಂದರು. ಹಾಗಾಗಿ ಹಕ್ಕಿಯನ್ನು ಚೆನ್ನಾಗಿ ನೋಡಿದವನಿಗೆ ಮನುಷ್ಯನ ಜಾತಿ ಎಂಥ ಪೊಳ್ಳು ಎಂಬುದು ಇನ್ನೂ ಚೆನ್ನಾಗಿ ಕಾಣಬೇಕು.

ಅದೇ ಹೊತ್ತಿಗೆ ಮೇಲೆ ಕೋಗಿಲೆ ಕೂಗುತ್ತಿತ್ತು. ಮೇಷ್ಟ್ರು ಅದನ್ನೇ ಉದಾಹರಣೆಯಾಗಿ ಹಿಡಿದರು. ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆ ಇಡುತ್ತದೆ. ಕಾಗೆ ತನ್ನ ಮರಿಯೆಂದೇ ಗುಟುಕು ಕೊಟ್ಟು ಸಾಕುತ್ತದೆ. ಆದರೂ ಆ ಮರಿ ಕಾಗೆ ಆಗುವುದಿಲ್ಲ, ಬೆಳೆದು ಕೋಗಿಲೆಯಂತೆಯೇ ಕೂಗುತ್ತದೆ. 'ಹುಟ್ಟುಗುಣ ಸುಟ್ಟರೂ ಹೋಗದು' ಎಂಬ ಗಾದೆ ಕೋಗಿಲೆಯ ಮಟ್ಟಿಗೆ ಸರಿ. ಇದೇ ಗಾದೆಯನ್ನು ಓದಿ ಮುಂದೆ ಬಂದ ನಮ್ಮ ಮಕ್ಕಳ ಮೇಲೆ ಎಷ್ಟು ಸಲ ಎಸೆದಿದ್ದಾರೆ! ಆದರೆ ಯಾವ ಮನೆಯ ಕೂಸನ್ನೇ ಆಗಲಿ ಇನ್ನೊಂದು ಮನೆಯಲ್ಲಿ ಬೆಳೆಸಿ ನೋಡಿ. ಅದು ಆ ಮನೆಯ ಮಾತು ಆಡುತ್ತದೆ, ಆ ಮನೆಯ ಅನ್ನ ಉಣ್ಣುತ್ತದೆ, ಆ ಮನೆಯ ಹಾಡು ಹಾಡುತ್ತದೆ. ಕಾಗೆ ಕೋಗಿಲೆಗಳ ನಡುವೆ ಇರುವ ಗೆರೆ ಮನುಷ್ಯರ ನಡುವೆ ಇಲ್ಲ.

ಬಾಬಾಸಾಹೇಬರು 1936ರಲ್ಲಿ 'ಜಾತಿ ವಿನಾಶ'ದಲ್ಲಿ ಇದೇ ದಾರಿ ಹಿಡಿದರು. ಪಂಜಾಬಿನ ಬ್ರಾಹ್ಮಣನಿಗೂ ಪಂಜಾಬಿನ ಚಮ್ಮಾರನಿಗೂ ಜನಾಂಗದ ವ್ಯತ್ಯಾಸ ಎಲ್ಲಿದೆ ಎಂದು ಕೇಳಿದರು. ಜಾತಿ ಇಟ್ಟಿಗೆ ಗೋಡೆಯಲ್ಲ, ಮನಸ್ಸಿನ ಒಂದು ಸ್ಥಿತಿ, ಕೆಡವಬೇಕಾದದ್ದು ಅಲ್ಲಿ ಎಂದರು. ಇನ್ನೊಂದು ಎಚ್ಚರಿಕೆಯನ್ನೂ ಕೊಟ್ಟರು. ಈ ವ್ಯವಸ್ಥೆ ಶ್ರೇಣೀಕೃತ ಅಸಮಾನತೆ. ತುಳಿತಕ್ಕೆ ಒಳಗಾದವನಿಗೂ ತನಗಿಂತ ಕೆಳಗೆ ಒಬ್ಬನಿದ್ದಾನೆ ಎಂಬ ಸಮಾಧಾನ ಕೊಟ್ಟು ಅದು ಉಳಿದುಕೊಳ್ಳುತ್ತದೆ. ನಮ್ಮ ಎಡ ಬಲ ಆ ಏಣಿಯದೇ ಮೆಟ್ಟಿಲು. ಏಣಿ ಮಾಡಿದವರು ಯಾರೋ, ಆದರೆ ಮೊನ್ನೆ ಭಾನುವಾರ ಅದನ್ನು ಎತ್ತಿ ನಿಲ್ಲಿಸಿದವನು ನಾನು.

📖 *ಒಂದು ಸಂದೇಹ*

ಕೆಲವರು ಕೇಳಬಹುದು: ಹಾಗಾದರೆ ಜಾತಿ ಪ್ರಮಾಣಪತ್ರ ಯಾಕೆ? ಒಳಮೀಸಲಾತಿಯ ಲೆಕ್ಕ ಯಾಕೆ? ಸರಿಯಾದ ಪ್ರಶ್ನೆ. ಬೌದ್ಧರಾದವರಿಗೂ ಪರಿಶಿಷ್ಟ ಜಾತಿಯ ಸವಲತ್ತು ಸಿಗಬೇಕೆಂದು ಹೋರಾಡಿ 1990ರಲ್ಲಿ ಅದನ್ನು ಪಡೆದವರು ನಾವು. ಅದನ್ನು ಬಿಡಬೇಕಿಲ್ಲ. ಗಾಯವನ್ನು ವೈದ್ಯನಿಗೆ ತೋರಿಸಲೇಬೇಕು. ಯಾರಿಗೆ ಹೆಚ್ಚು ಗಾಯವಾಗಿದೆಯೋ ಅವರಿಗೆ ಮೊದಲು ಮದ್ದು ಸಿಗಬೇಕು, ಅದಕ್ಕೆ ಲೆಕ್ಕ ಬೇಕು. ಆದರೆ ನಾನು ದಾರಿಯಲ್ಲಿ ಮಾಡಿದ್ದು ಮದ್ದು ಕೊಡುವ ಕೆಲಸವಲ್ಲ. ಗಾಯ ಎಲ್ಲಿದೆ ಎಂದು ಬೆರಳಿಟ್ಟು ನೋಡಿದ್ದು.

ಅಂಗುತ್ತರ ನಿಕಾಯದಲ್ಲಿ ಭಗವಾನರು ಒಳ್ಳೆಯ ಮಾತಿಗೆ ಐದು ಲಕ್ಷಣ ಹೇಳಿದ್ದಾರೆ. ಸಮಯಕ್ಕೆ ತಕ್ಕದ್ದು, ಸತ್ಯವಾದದ್ದು, ಮೃದುವಾದದ್ದು, ಹಿತವಾದದ್ದು, ಮೈತ್ರಿಯಿಂದ ಆಡಿದ್ದು. ನನ್ನ ಪ್ರಶ್ನೆಯನ್ನು ಈ ಐದರ ಪಕ್ಕ ಇಟ್ಟು ನೋಡಿದೆ. ಒಂದರಲ್ಲೂ ಪಾಸಾಗಲಿಲ್ಲ.

ಸುತ್ತ ಓದಿ ಮುಗಿಸುವಾಗ, ಮನುಷ್ಯನ ದೇಹದಲ್ಲಿ ಗುರುತು ಹುಡುಕುವ ಭಾಗಕ್ಕೆ ಬಂದಾಗ ನನ್ನ ದನಿ ನಿಂತಿತು. ಪುಸ್ತಕ ಮುಚ್ಚಿ, ದಾರಿಯಲ್ಲಿ ಕೇಳಿದ್ದನ್ನು ಎಲ್ಲರ ಮುಂದೆ ಹೇಳಿ, ಆ ಹುಡುಗನ ಕ್ಷಮೆ ಕೇಳಿದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಅವನು ಹೇಳಿದ:

"ನೀವೇ ಮೊದಲಲ್ಲ ಅಣ್ಣಾ. ರೂಮು ಬಾಡಿಗೆಗೆ ಕೇಳೋಕೆ ಹೋದ್ರೂ ಕೇಳ್ತಾರೆ. ಆದ್ರೆ ಅಲ್ಲಿ ಸುಳ್ಳು ಹೇಳಿ ಬರ್ತೀನಿ. ಇಲ್ಲಿ ಸುಳ್ಳು ಹೇಳೋಕೆ ಮನಸ್ಸು ಬರ್ಲಿಲ್ಲ."

ಬಂಧುಗಳೇ, ಈ ಮಾತನ್ನು ನಾಲ್ಕು ದಿನದಿಂದ ನೆನೆಯುತ್ತಿದ್ದೇನೆ. ಒಬ್ಬ ಮನುಷ್ಯ ಸುಳ್ಳು ಹೇಳಬೇಕಾದ ಅಗತ್ಯವಿಲ್ಲದ ಜಾಗ, ಸಂಘ ಎಂದರೆ ಅದೇ ಅಲ್ಲವೇ? ಅಂಥ ಜಾಗ ಹುಡುಕಿಕೊಂಡು ಬಂದವನಿಗೆ ನಾನು ಊರ ಬಾಗಿಲನ್ನೇ ತೋರಿಸಿದೆ. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಬಾಬಾಸಾಹೇಬರು ಲಕ್ಷಾಂತರ ಜನರಿಗೆ ಪ್ರತಿಜ್ಞೆಗಳನ್ನು ಬೋಧಿಸಿದಾಗ, ಎಲ್ಲ ಮನುಷ್ಯರೂ ಸಮಾನರು ಎಂಬುದೂ ಅವುಗಳಲ್ಲಿ ಒಂದಾಗಿತ್ತು. ಎಲ್ಲರೂ ಎಂದರೆ ಮೇಲಿನವರು ನಮಗೆ ಸಮಾನರು ಎಂದಷ್ಟೇ ಅಲ್ಲ. ಪಕ್ಕದ ಕೇರಿಯವರೂ ಸಮಾನರು.

ಮನೆಗೆ ಹೊರಡುವ ಮುಂಚೆ ಎಲ್ಲರೂ ವಿಧಾನಸೌಧದ ಮುಂದಿನ ಬಾಬಾಸಾಹೇಬರ ಪ್ರತಿಮೆಗೆ ವಂದಿಸಿದೆವು. ಮಗು ತನ್ನ ನೋಟ್‌ಬುಕ್ಕಿನಲ್ಲಿ ಅಂದು ಕಂಡ ಹಕ್ಕಿಗಳ ಪಟ್ಟಿ ಬರೆದಿತ್ತು, ಇಪ್ಪತ್ತಾರು ಜಾತಿ. ಕೆಳಗೆ "ಬಂದವರು" ಎಂದು ಬರೆದು ನಮ್ಮ ಎಂಟು ಜನರ ಹೆಸರು ಹಾಕಿತ್ತು. ಬರೀ ಹೆಸರು.

☸️ *ಇಂದಿನ ಅಭ್ಯಾಸ*

1. ಇಂದು ಹೊಸಬರು ಯಾರಾದರೂ ಸಿಕ್ಕಾಗ ಮನಸ್ಸು ಹೇಗೆ ಗುರುತು ಹುಡುಕಲು ಓಡುತ್ತದೆ ಎಂಬುದನ್ನು ಗಮನಿಸಿ. ಹೆಸರು, ಊರು, ಮಾತಿನ ಧಾಟಿ, ಬಣ್ಣ, ಊಟದ ಡಬ್ಬಿ. ಓಡುವುದನ್ನು ಕಂಡರೆ ಸಾಕು, ಬೈದುಕೊಳ್ಳಬೇಡಿ. ಕಂಡ ಕಳ್ಳ ಕದಿಯಲಾರ.

2. ಕೇಳುವ ಮೊದಲು ಐದು ಲಕ್ಷಣ ನೆನೆಯಿರಿ. ಈ ಪ್ರಶ್ನೆಯಿಂದ ಎದುರಿನವರಿಗೆ ಹಿತ ಇದೆಯೇ?

3. ಎಂದಾದರೂ ಯಾರನ್ನಾದರೂ ಹೀಗೆ ಕೇಳಿ ನೋಯಿಸಿದ್ದರೆ, ಅವರಿಗೆ ಇಂದು ಒಂದು ಫೋನ್ ಮಾಡಿ.

4. ಮನೆಯ ಮಕ್ಕಳೊಂದಿಗೆ ಹತ್ತಿರದ ಕೆರೆಗೋ ಪಾರ್ಕಿಗೋ ಹೋಗಿ ಹಕ್ಕಿ ನೋಡಿ. ಜಾತಿ ಎಲ್ಲಿ ನಿಜ, ಎಲ್ಲಿ ಸುಳ್ಳು ಎಂದು ಅಲ್ಲೇ ಹೇಳಿಕೊಡಿ.

ಆ ಹುಡುಗನನ್ನು ಕೇಳಿಯೇ ಇದನ್ನು ಬರೆದಿದ್ದೇನೆ. "ಬರೀರಿ ಅಣ್ಣಾ, ಹೆಸರು ಬೇಡ" ಎಂದ. ಬರುವ ಭಾನುವಾರದ ಓದಿಗೆ ಬರುತ್ತೀಯಾ ಎಂದು ಕೇಳಿದೆ. "ನೋಡ್ತೀನಿ" ಎಂದಿದ್ದಾನೆ. ಅವನು ಬಂದರೆ ಅದು ಅವನ ದೊಡ್ಡತನ. ಬಾರದಿದ್ದರೆ ಆ ಖಾಲಿ ಜಾಗ ನನ್ನ ಲೆಕ್ಕದ್ದು. ಎರಡರಲ್ಲಿ ಯಾವುದಾದರೂ, ಅವನಿಗಾಗಿ ಒಂದು ಚಾಪೆ ಹಾಸಿಯೇ ಇರುತ್ತದೆ.

ಸಕಲ ಜೀವಿಗಳೂ ಸುಖವಾಗಿರಲಿ. ಹಾರುವವೂ, ಈಜುವವೂ, ನಡೆಯುವ ನಾವೂ.

ಭವತು ಸಬ್ಬ ಮಂಗಲಂ
ಸಾಧು! ಸಾಧು! ಸಾಧು!

🙏 ನಮೋ ಬುದ್ಧಾಯ, ಜೈ ಭೀಮ್ 🙏

_ನಿಮ್ಮ ಬಳಗದವರಿಗೂ ಕಳಿಸಿ. ನಾಳೆಯ ಚಿಂತನೆಯೊಂದಿಗೆ ಮತ್ತೆ ಸಿಗೋಣ._